ಮಸ್ಕಿಯ ಓರೆ ಬಿಸಿಲು

ಅಶೋಕನ ಹೆಸರು ಹೊತ್ತ ಬಂಡೆ, ಸಿಂಧನೂರಿನ ನೀರು ನಿಂತ ಗದ್ದೆ, ಮುದಗಲ್ಲಿನ ಮೊಹರಂ, ಜಲದುರ್ಗದ ಕೃಷ್ಣೆ. ತಿರುಗಾಟಕ್ಕೆ ಹೊರಟವರಿಗೆ ಕ್ಯಾಮೆರಾದ ಮೋಹ ಹತ್ತಿಸುವ ಸೀಮೆಯೊಂದರ ಸುತ್ತು.

ಮಸ್ಕಿಯ ಶಾಸನವನ್ನು ಓದಲು ಬ್ರಾಹ್ಮಿ ಲಿಪಿ ಕಲಿತಿರಬೇಕು. ಅದರ ಒಳ್ಳೆಯ ಫೋಟೊ ಬೇಕೆಂದರೆ ಬೆಳಕನ್ನು ಓದಲು ಕಲಿತಿರಬೇಕು. ದುರ್ಗದ ಗುಡ್ಡದ ಗುಂಡುಗಲ್ಲುಗಳ ಮರೆಯಲ್ಲಿ ಎಂಟು ಸಾಲು ಬರಹ ಹೊತ್ತಿರುವ ಆ ಬಂಡೆಯ ಮುಂದೆ ಬಂದವರಲ್ಲಿ ಹೆಚ್ಚಿನವರು ಮೊಬೈಲ್ ಎತ್ತಿ, ಫ್ಲ್ಯಾಶ್ ಹಾಕಿ, ಒಂದು ಹೊಡೆದು ಇಳಿದುಬಿಡುತ್ತಾರೆ. ಮನೆಗೆ ಹೋಗಿ ನೋಡಿದರೆ ಕಲ್ಲು ಇರುತ್ತದೆ, ಅಕ್ಷರ ಇರುವುದಿಲ್ಲ. ಕೆಲವರು ‘ಅಲ್ಲೇನೂ ಕಾಣಂಗಿಲ್ಲ ಬಿಡ್ರಿ’ ಎಂದು ಮರೆತುಬಿಡುತ್ತಾರೆ. ಕೆಲವರು ಮಾತ್ರ, ಹಾಗಾದರೆ ಅದು ಯಾವ ಹೊತ್ತಿಗೆ ಕಾಣುತ್ತದೆ ಎಂದು ತಲೆ ಕೆಡಿಸಿಕೊಂಡು ಮತ್ತೊಮ್ಮೆ ಮಸ್ಕಿಯ ಬಸ್ಸು ಹತ್ತುತ್ತಾರೆ. ಹೀಗೆ ಎರಡನೇ ಸಲ ಬಸ್ಸು ಹತ್ತಿದವರಿಗೆ ಫೋಟೊಗ್ರಫಿ ಹಿಡಿದುಕೊಂಡಿತು ಎಂದೇ ಲೆಕ್ಕ. ಆಮೇಲೆ ಅದು ಬಿಡುವುದಿಲ್ಲ.

ಕ್ಯಾಮೆರಾದ ಮೋಹ ಅಂಗಡಿಯಲ್ಲಿ ಹುಟ್ಟುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅಂಗಡಿಯಲ್ಲಿ ಹುಟ್ಟುವುದು ಸಾಮಾನಿನ ಆಸೆ. ಮೋಹ ಹುಟ್ಟುವುದು ದಾರಿಯಲ್ಲಿ, ಗೊತ್ತಿಲ್ಲದ ಊರಿನಲ್ಲಿ ಇಳಿದು ಕಣ್ಣು ತಾನಾಗಿ ಎಚ್ಚರಗೊಂಡಾಗ. ನಮ್ಮ ಮನೆಯ ಅಂಗಳದಲ್ಲಿ ದಿನವೂ ಬೀಳುವ ಬಿಸಿಲನ್ನು ನಾವು ನೋಡುವುದಿಲ್ಲ. ಬೇರೆ ಊರಿನ ಬಿಸಿಲನ್ನು ನೋಡುತ್ತೇವೆ. ನೋಡಿ ಬಂದಮೇಲೆ ನಮ್ಮ ಅಂಗಳದ್ದೂ ಕಾಣತೊಡಗುತ್ತದೆ. ಈ ಪಾಠಕ್ಕೆ ಹಿಮಾಲಯಕ್ಕೋ ಲಡಾಖಿಗೋ ಹೋಗಬೇಕಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂಬ ಮೂರು ಊರುಗಳ ನಡುವಿನ ಬಯಲು ಸಾಕು. ರಾಯಚೂರು ಜಿಲ್ಲೆಯ ಈ ಭಾಗವನ್ನು ಬಿಸಿಲು ನಾಡು ಎಂದು ಕರೆದು ಕೈತೊಳೆದುಕೊಂಡವರೇ ಹೆಚ್ಚು. ಬಿಸಿಲೇ ಇಲ್ಲಿಯ ಆಸ್ತಿ ಎಂದು ಹೇಳಬೇಕಾದವರು ಫೋಟೊ ತೆಗೆಯುವವರು.

ಮೊದಲು ಆ ಬಂಡೆಯ ಮಾತನ್ನೇ ಮುಗಿಸೋಣ. ಕಲ್ಲಿನ ಮೇಲೆ ಕೊರೆದ ಅಕ್ಷರಕ್ಕೆ ತನ್ನದೇ ಬಣ್ಣವಿಲ್ಲ. ಬಂಡೆಯೂ ಅದೇ ಬಣ್ಣ, ಗೀರೂ ಅದೇ ಬಣ್ಣ. ಅದನ್ನು ಕಾಣಿಸುವುದು ಗೀರಿನ ಅಂಚು ತನ್ನ ಆಳದೊಳಕ್ಕೆ ಚೆಲ್ಲುವ ನೆರಳು ಮಾತ್ರ. ಬೆಳಕು ಎದುರಿನಿಂದ ಬಂದರೆ ನೆರಳಿಲ್ಲ, ಆದ್ದರಿಂದ ಅಕ್ಷರವೂ ಇಲ್ಲ. ಕ್ಯಾಮೆರಾದ ಫ್ಲ್ಯಾಶ್ ಮಾಡುವ ಅನಾಹುತ ಇದೇ. ಬೆಳಕು ಬಂಡೆಯ ಮೈಯನ್ನು ಸವರಿಕೊಂಡು ಪಕ್ಕದಿಂದ ಬಂದಾಗ, ಕೂದಲೆಳೆಯಷ್ಟು ಆಳದ ಗೀರೂ ಎದ್ದು ನಿಲ್ಲುತ್ತದೆ. ಬಿಸಿಲು ನೇರ ಮುಟ್ಟದ ಸಂದಿನಲ್ಲಿ ಬರಹವಿದ್ದರೆ ಶಾಸನ ಹುಡುಕುವವರು ಹೊರಗೆ ಕನ್ನಡಿ ಹಿಡಿದು ಬೆಳಕನ್ನು ಒಳಕ್ಕೆ ತಿರುಗಿಸುತ್ತಿದ್ದರು. ಕನ್ನಡಿ ಇಲ್ಲದಿದ್ದರೆ ಬಿಳಿ ಪಂಚೆಯೂ ನಡೆಯುತ್ತದೆ. ಈಗ ಜೊತೆಗಾರರೊಬ್ಬರು ಟಾರ್ಚನ್ನು ಬಂಡೆಯ ಅಂಚಿಗೆ ತಾಗಿದಂತೆ ಹಿಡಿದರೆ ಆಯಿತು. ಕ್ಯಾಮೆರಾ ಅಲುಗಾಡಿಸದೆ ಒಂದೇ ಕಡೆ ಇಟ್ಟು, ದೀಪವನ್ನು ಮಾತ್ರ ನಾಲ್ಕಾರು ದಿಕ್ಕಿಗೆ ಸರಿಸಿ ತೆಗೆದ ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ ಒಂದಾಗಿ ಹೆಣೆದು ಓದುವ ವಿಧಾನ 2001ರಿಂದ ಬಳಕೆಗೆ ಬಂದಿದೆ. ಸವೆದ ಶಾಸನಗಳನ್ನು ಓದುವವರಿಗೆ ಅದು ದೊಡ್ಡ ನೆರವು. ಅದರ ಹಿಂದಿರುವ ತತ್ವ ಮಾತ್ರ ಕನ್ನಡಿ ಹಿಡಿದವರದ್ದೇ.

ಊರಿನ ಅಕ್ಷಾಂಶವೂ ಫೋಟೊಗ್ರಾಫರ್‌ಗೆ ಗೊತ್ತಿರಬೇಕಾದ ಸಂಗತಿ. ಮಸ್ಕಿ ಇರುವುದು ಸುಮಾರು 16 ಡಿಗ್ರಿ ಉತ್ತರದಲ್ಲಿ. ಹೀಗಾಗಿ ಮೇ ಮೊದಲ ವಾರ ಮತ್ತು ಆಗಸ್ಟ್ ಮೊದಲ ವಾರದ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ಮೇ ತಿಂಗಳ ಆ ಹೊತ್ತಿನಲ್ಲಿ ಗುಡ್ಡದ ಮೇಲೆ ತೆಗೆದ ಚಿತ್ರದಲ್ಲಿ ಬಂಡೆಗಳೆಲ್ಲ ಚಪ್ಪಟೆ, ಮನುಷ್ಯರ ಕಣ್ಣೆಲ್ಲ ಕಪ್ಪು ಗುಳಿ. ಡಿಸೆಂಬರ್ ಕೊನೆಯಲ್ಲಾದರೆ ಅದೇ ಸೂರ್ಯ ಮಧ್ಯಾಹ್ನದಲ್ಲೂ 50 ಡಿಗ್ರಿಯ ಆಸುಪಾಸು ಮಾತ್ರ ಏರುತ್ತಾನೆ. ಇಡೀ ದಿನ ಬಿಸಿಲು ಓರೆ. ಬಂಡೆಗೆ ದುಂಡು ಬರುತ್ತದೆ, ಮುಖಕ್ಕೆ ಮೂಗು ಬರುತ್ತದೆ, ಉಳುಮೆಯ ಸಾಲಿಗೆ ಆಳ ಬರುತ್ತದೆ. ಲಕ್ಷ ರೂಪಾಯಿಯ ಲೆನ್ಸಿಗಿಂತ ಒಳ್ಳೆಯ ತಿಂಗಳು ಹೆಚ್ಚು ಬೆಲೆಯುಳ್ಳದ್ದು ಎಂದು ನಾನು ಹೇಳುವುದು ಇದಕ್ಕೇ.

ಈ ಶಾಸನ ಹೊರಗಿನ ಲೋಕಕ್ಕೆ ಸಿಕ್ಕಿದ್ದೂ ತಿರುಗಾಟದಿಂದಲೇ. 1915ರಲ್ಲಿ ಇದನ್ನು ಗುರುತಿಸಿದ ಸಿ. ಬೀಡನ್ ಪಂಡಿತನಲ್ಲ, ಚಿನ್ನದ ಗಣಿಗಳ ಕೆಲಸದ ಮೇಲೆ ಈ ಗುಡ್ಡಗಳನ್ನು ಸುತ್ತುತ್ತಿದ್ದ ಎಂಜಿನಿಯರ್. ಹಟ್ಟಿಯಿಂದ ಮಸ್ಕಿಯವರೆಗೆ ಹಬ್ಬಿರುವ ಹಳೆಯ ಶಿಲಾ ಪಟ್ಟಿಯಲ್ಲಿ ಚಿನ್ನ ಅಗೆಯುವ ಕೆಲಸ ಸುಮಾರು ಎರಡು ಸಾವಿರ ವರ್ಷಗಳಿಂದ ನಡೆದಿದೆ. ಚಿನ್ನದ ಬೆನ್ನು ಹತ್ತಿ ಬಂದವನ ಕಣ್ಣಿಗೆ ಬಿದ್ದದ್ದು ಅಕ್ಷರ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ‘ದೇವಾನಂಪಿಯಸ ಅಸೋಕಸ’. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು, ಅಶೋಕ ಎಂಬ ಹೆಸರು ಇರಲಿಲ್ಲ. ಸಿಂಹಳದ ಗ್ರಂಥಗಳ ನೆರವಿನಿಂದ ವಿದ್ವಾಂಸರು ಮಾಡಿದ್ದ ಊಹೆಗೆ ಮಸ್ಕಿ ಕಲ್ಲಿನ ಸಾಕ್ಷಿ ಕೊಟ್ಟಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ತುಂಗಭದ್ರೆಯ ಆಚೆಗಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಆ ಹೆಸರು ಮತ್ತೆ ಸಿಕ್ಕಿತು.

ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ್ದು 1837ರಲ್ಲಿ. ಪ್ಯಾರಿಸ್‌ನಲ್ಲಿ ಛಾಯಾಗ್ರಹಣದ ವಿಧಾನ ಬಹಿರಂಗವಾದದ್ದು 1839ರಲ್ಲಿ. ಎರಡೇ ವರ್ಷಗಳ ಅಂತರ. ಹಳೆಯ ಅಕ್ಷರ ಓದಲು ಬಂದ ಕಾಲದಲ್ಲೇ ಬೆಳಕಿನಿಂದ ಬರೆಯಲೂ ಬಂತು. ಆದರೂ ಶಾಸನದ ವಿಷಯದಲ್ಲಿ ಬಹುಕಾಲ ನೆಚ್ಚಿಗೆಯಾಗಿ ಉಳಿದದ್ದು ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುವ ಪದ್ಧತಿಯೇ. ಹಾಗೆ ತೆಗೆದ ಪಡಿಯಚ್ಚುಗಳ ದೊಡ್ಡ ಭಂಡಾರ ಇಂದು ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದಲ್ಲಿದೆ. ಶಾಸನ ಸಿಕ್ಕ ಕಾಲಕ್ಕೆ ಮಸ್ಕಿ ನಿಜಾಮರ ರಾಜ್ಯದಲ್ಲಿತ್ತು. ಅಲ್ಲಿಯ ಪುರಾತತ್ವ ಇಲಾಖೆ ಶುರುವಾದದ್ದು 1914ರಲ್ಲಿ, ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ. ಅದೇ ಯಜ್ದಾನಿ ಮುಂದೆ ಅಜಂತಾದ ವರ್ಣಚಿತ್ರಗಳನ್ನು ಫೋಟೊಗಳ ಆಧಾರದ ಮೇಲೆ ದೊಡ್ಡ ಸಂಪುಟಗಳಾಗಿ ಹೊರತಂದರು. ಮಸ್ಕಿಯ ಬಂಡೆ, ಅಜಂತಾದ ಗೋಡೆ, ಎರಡೂ ಒಂದೇ ಕಚೇರಿಯ ಮೇಜಿನ ಮೇಲೆ ಹಾದುಹೋದವು.

ತಿರುಗಾಟ ಮನುಷ್ಯನನ್ನು ಫೋಟೊಗ್ರಾಫರ್ ಮಾಡಿದ್ದಕ್ಕೆ ನಿಜಾಮರ ಆಸ್ಥಾನದಲ್ಲೇ ದೊಡ್ಡ ಉದಾಹರಣೆ ಇದೆ. ರಾಜಾ ದೀನ್ ದಯಾಳ್ ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವರು. 1870ರ ದಶಕದಲ್ಲಿ ಕ್ಯಾಮೆರಾ ಹಿಡಿದರು. ಮಧ್ಯಭಾರತದ ಸ್ಮಾರಕಗಳನ್ನು ಚಿತ್ರಿಸುತ್ತ ಬ್ರಿಟಿಷ್ ಅಧಿಕಾರಿಗಳ ಜೊತೆ ಊರೂರು ತಿರುಗಿದರು. ಆ ತಿರುಗಾಟ ಮುಗಿಯುವ ಹೊತ್ತಿಗೆ ಅವರು ನಕ್ಷೆಯ ಮನುಷ್ಯನಾಗಿ ಉಳಿದಿರಲಿಲ್ಲ. 1880ರ ದಶಕದಲ್ಲಿ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾದರು.

ಇನ್ನೂ ಹತ್ತಿರದ್ದು ಬೇಕೆಂದರೆ ಸಿಂಧನೂರಿನಿಂದ ಗಂಗಾವತಿ ದಾಟಿ ಹಂಪಿಗೆ ಹೋಗಬೇಕು. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1850ರ ದಶಕದ ನಡುವೆ ಅಲ್ಲಿ ತೆಗೆದ ಚಿತ್ರಗಳು ಕರ್ನಾಟಕದ ಅತಿ ಹಳೆಯ ಫೋಟೊಗಳ ಸಾಲಿನವು. ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಗಾತ್ರ ಸುಮಾರು 16×18 ಅಂಗುಲ. ಆ ದೊಡ್ಡ ಮರದ ಪೆಟ್ಟಿಗೆಯನ್ನು ಗಾಡಿಯ ಮೇಲೆ ಹೇರಿಕೊಂಡು ಬಂಡೆಗಳ ನಡುವೆ ಸಾಗಿಸಿ, ನಿಮಿಷಗಟ್ಟಲೆ ಬೆಳಕು ಕುಡಿಸಿ ಒಂದೊಂದು ಚಿತ್ರ ಪಡೆಯಬೇಕಿತ್ತು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಯಾವ ಕಂಬ ಬಿದ್ದಿದೆ, ಯಾವ ಗೋಡೆ ನಿಂತಿದೆ ಎಂಬುದು ಮಾತಿಲ್ಲದೆ ತಿಳಿಯುತ್ತದೆ. ಹಾಗೆ ನೋಡುವಾಗ ನನ್ನನ್ನು ಕಾಡಿದ್ದು ಬೇರೆಯೇ. ಗ್ರೀನ್‌ಲಾ ಚಿತ್ರಗಳಲ್ಲಿ ಹಂಪಿ ಬಹುಪಾಲು ಖಾಲಿ. ಅಷ್ಟು ದೀರ್ಘ ಹೊತ್ತಿನ ಚಿತ್ರದಲ್ಲಿ ನಡೆದುಹೋದ ಮನುಷ್ಯ ದಾಖಲಾಗುವುದಿಲ್ಲ. ದನ ಕಾಯುವವರು ಅಲ್ಲೇ ಓಡಾಡಿರುತ್ತಾರೆ, ಹೊಲ ಉತ್ತಿರುತ್ತಾರೆ. ಚಿತ್ರದಲ್ಲಿ ಮಾತ್ರ ಇಲ್ಲ.

ಹೊಡದು ಒಯ್ತೀ

ಕಲ್ಲಿನಿಂದ ಮನುಷ್ಯರ ಕಡೆಗೆ ಕ್ಯಾಮೆರಾ ತಿರುಗುವುದು ಪ್ರತಿಯೊಬ್ಬ ಪ್ರವಾಸಿ ಫೋಟೊಗ್ರಾಫರನ ಬದುಕಿನ ದೊಡ್ಡ ತಿರುವು. ಅದು ಸುಲಭವಲ್ಲ. ಬಂಡೆ ಬೇಡ ಎನ್ನುವುದಿಲ್ಲ, ಮನುಷ್ಯರು ಎನ್ನುತ್ತಾರೆ, ಎನ್ನುವ ಹಕ್ಕು ಅವರಿಗಿದೆ. ಮಸ್ಕಿಯ ಹೊರಗೆ ಎರೆಹೊಲದ ಬದುವಿನಲ್ಲಿ ಕಳೆ ಕೀಳುತ್ತಿದ್ದ ಅಮ್ಮನೊಬ್ಬಳನ್ನು ಕೇಳಿದೆ: ‘ಯವ್ವಾ, ನಿಮ್ಮದೊಂದು ಫೋಟೊ ಹೊಡೀಲೇನ್ರಿ?’ ಆಕೆ ಸೊಂಟ ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: ‘ಹೊಡಿಯಪ್ಪ. ಹೊಡದು ಒಯ್ತೀ. ನಮಗೇನು ಕೊಟ್ಟು ಹೊಕ್ಕೀ?’

ದುಡ್ಡಿನ ಮಾತಲ್ಲ ಅದು. ಹೊಡೆದ ಫೋಟೊ ತನಗೆ ಸಿಗುತ್ತದೋ ಇಲ್ಲವೋ ಎಂಬ ನೇರ ಪ್ರಶ್ನೆ. ಈ ಸೀಮೆಯ ಹೊಲ, ಗುಡಿ, ಜಾತ್ರೆಗಳ ಚಿತ್ರಗಳು ಬೆಂಗಳೂರಿನ ಗ್ಯಾಲರಿಗಳ ಗೋಡೆಗೆ, ಸ್ಪರ್ಧೆಗಳ ತೀರ್ಪುಗಾರರ ಮುಂದೆ, ಇಂಥ ಪತ್ರಿಕೆಗಳ ಮುಖಪುಟಕ್ಕೆ ಹೋಗುತ್ತವೆ. ಚಿತ್ರದಲ್ಲಿರುವವರ ಮನೆಯ ಗೋಡೆಗೆ ಮಾತ್ರ ಬರುವುದಿಲ್ಲ. ಅವರ ಗೋಡೆಯ ಮೇಲಿರುವುದು ಮಗಳ ಮದುವೆಯದ್ದೊಂದು, ತೀರಿಹೋದ ಯಜಮಾನನ ಪಾಸ್‌ಪೋರ್ಟ್ ಫೋಟೊವನ್ನು ಸ್ಟುಡಿಯೊದವರು ದೊಡ್ಡದು ಮಾಡಿ ಹಿಂದೆ ನೀಲಿ ಪರದೆ ಹಾಕಿಕೊಟ್ಟದ್ದೊಂದು. ಆ ಅಮ್ಮನ ಮಾತು ಕೇಳಿದ ಮೇಲೆ ನಾನು ಪ್ರಿಂಟ್ ಹಾಕಿಸಿ ಕೊಡದೆ ಯಾರ ಮುಖದ ಚಿತ್ರವನ್ನೂ ಮುಗಿದ ಕೆಲಸ ಎಂದುಕೊಳ್ಳುವುದಿಲ್ಲ. ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ಸ್ಟುಡಿಯೊಗಳಿಗೇನೂ ಕೊರತೆಯಿಲ್ಲ. ಮದುವೆಯ ಕರಿಜ್ಮಾ ಆಲ್ಬಂಗಳ ನಡುವೆ ನಾಲ್ಕು ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟ್ ತೆಗೆದುಕೊಡಲು ಅವರು ಎಂದೂ ಬೇಸರಿಸಿದ್ದಿಲ್ಲ.

ಈ ವಿಷಯದಲ್ಲಿ ನಮಗೆ ಹಿರಿಯರ ಮೇಲ್ಪಂಕ್ತಿ ಇದೆ. ಮೈಸೂರಿನ ಟಿ.ಎಸ್. ಸತ್ಯನ್ ದೇಶ ಸುತ್ತಿದವರು, ವಿದೇಶದ ದೊಡ್ಡ ಪತ್ರಿಕೆಗಳಿಗೆ ಚಿತ್ರ ಕೊಟ್ಟವರು, ಸಿಡುಬು ನಿರ್ಮೂಲನೆಯ ಕೆಲಸವನ್ನು ದಾಖಲಿಸಿದವರು. 1977ರಲ್ಲಿ ಪದ್ಮಶ್ರೀ ಪಡೆದರು. ಅವರ ಕ್ಯಾಮೆರಾ ಸದಾ ಹುಡುಕಿದ್ದು ಸಾಮಾನ್ಯರ ದಿನನಿತ್ಯವನ್ನು: ಆಡುವ ಮಗು, ದುಡಿಯುವ ಕೈ, ಕಾಯುತ್ತ ಕುಳಿತ ಮುದುಕ. ಅವರ ಚಿತ್ರಗಳ ಮುಂದೆ ನಿಂತರೆ ಚಿತ್ರದಲ್ಲಿರುವವರು ಫೋಟೊಗ್ರಾಫರ್‌ಗೆ ಹೆದರಿಲ್ಲ ಎಂಬುದು ಮೊದಲು ಕಾಣುತ್ತದೆ. ಕಾಡಿನ ಕಡೆಯವರದ್ದು ಇನ್ನೊಂದು ಪರಂಪರೆ. ಸಂಡೂರಿನ ಎಂ.ವೈ. ಘೋರ್ಪಡೆ ರಾಜಕಾರಣದ ನಡುವೆಯೂ ವನ್ಯಜೀವಿಗಳ ಹಿಂದೆ ಅಲೆದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳಿಗಾಗಿ ತಾಸುಗಟ್ಟಲೆ ಮರೆಯಲ್ಲಿ ಕೂತರು. ಹಕ್ಕಿಯಾದರೂ ಸರಿ, ಮನುಷ್ಯರಾದರೂ ಸರಿ, ಎದುರಿನವರು ನಮ್ಮ ಇರವಿಗೆ ಒಗ್ಗಿಕೊಳ್ಳುವ ತನಕ ಕಾಯುವುದೇ ಈ ವಿದ್ಯೆಯ ಅರ್ಧ ಭಾಗ.

ಕಾಲುವೆಯ ನೀರು, ಮಳೆಯ ಹೊಲ

ಮಸ್ಕಿಯಿಂದ ಸಿಂಧನೂರಿನ ಕಡೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ನೆಲದ ಬಣ್ಣ ಬದಲಾಗುವುದು ಕಣ್ಣಿಗೆ ಬೀಳುತ್ತದೆ. ಇತ್ತ ಮಳೆ ನಂಬಿದ ಹೊಲ: ಜೋಳ, ತೊಗರಿ, ಕಡಲೆ, ಹತ್ತಿ. ಅತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಗದ್ದೆ. ಅಣೆಕಟ್ಟಿನಿಂದ ಹೊರಟ ಆ ಕಾಲುವೆಯ ಉದ್ದ 227 ಕಿ.ಮೀ. 1950ರ ದಶಕದಲ್ಲಿ ನೀರು ಬಂದದ್ದೇ ಈ ಬಯಲಿನ ಮುಖ ಬದಲಾಯಿತು. ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಬಂದು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. 1970ರ ದಶಕದ ಆರಂಭದಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳಿಗೆ ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ಕೊಟ್ಟಿತು. ಇಂದಿಗೂ ಆ ನೆಲೆಗಳು ಆರ್.ಎಚ್. ಕ್ಯಾಂಪ್‌ಗಳೆಂದೇ ಹೆಸರಾಗಿವೆ. ನವರಾತ್ರಿಯಲ್ಲಿ ಅಲ್ಲಿಗೆ ಹೋದರೆ ದುರ್ಗಾಪೂಜೆ. ಬಂಗಾಳಿ ಮನೆಮಾತು, ಕನ್ನಡ ಶಾಲೆಮಾತು, ಎದುರಿಗೆ ಭತ್ತದ ಗದ್ದೆ. ಒಂದೇ ಫ್ರೇಮಿನೊಳಗೆ ಉಪಖಂಡದ ಇಷ್ಟು ಚರಿತ್ರೆ ಬಂದು ಕೂರುವ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಬೆಳಕಿನ ದೃಷ್ಟಿಯಿಂದಲೂ ಎರಡೂ ಬೇರೆ ಲೋಕಗಳು. ಎರೆಭೂಮಿ ಬೆಳಕನ್ನು ನುಂಗುತ್ತದೆ. ಕ್ಯಾಮೆರಾದ ಮೀಟರ್ ಅದನ್ನು ಕಂಡು ಚಿತ್ರ ಕತ್ತಲಾಯಿತೆಂದು ತಿಳಿದು ಬೆಳಕು ಹೆಚ್ಚಿಸುತ್ತದೆ, ಕಪ್ಪು ಮಣ್ಣು ಬೂದಿಯಾಗುತ್ತದೆ. ಅಲ್ಲಿ ಒಂದು ಅಳತೆ ಕಡಿಮೆ ಮಾಡಿಕೊಳ್ಳಬೇಕು. ನಾಟಿಗೆ ಮುಂಚೆ ನೀರು ನಿಲ್ಲಿಸಿದ ಗದ್ದೆಯದ್ದು ತದ್ವಿರುದ್ಧ. ಅದು ಆಕಾಶವನ್ನೇ ನೆಲಕ್ಕೆ ತಂದು ಹಾಸುತ್ತದೆ. ಟ್ರ್ಯಾಕ್ಟರ್ ಕೆಸರು ಕಲೆಸುತ್ತ ಹೋದಂತೆ ಹಿಂದೆ ಬೆಳ್ಳಕ್ಕಿಗಳ ದಂಡು. ಕಪ್ಪು ಕೆಸರಿನ ಮೇಲೆ ಅಚ್ಚಬಿಳಿ ರೆಕ್ಕೆ ಎಂದರೆ ಕ್ಯಾಮೆರಾಕ್ಕೆ ಕಠಿಣ ಪರೀಕ್ಷೆ. ರೆಕ್ಕೆಗೆ ಬೆಳಕು ಸರಿ ಮಾಡಿಕೊಂಡು ಕೆಸರನ್ನು ಅದರ ಪಾಡಿಗೆ ಬಿಡುವವರಿಗೆ ಚಿತ್ರ ದಕ್ಕುತ್ತದೆ. ಎರಡನ್ನೂ ಉಳಿಸಿಕೊಳ್ಳಲು ಹೋದವರಿಗೆ ಎರಡೂ ಮಾಸಲು.

ನೀರಿಲ್ಲದ ಕಡೆಯ ಊರುಗಳದ್ದು ಇನ್ನೊಂದು ಪ್ರಯಾಣ, ಗುಳೆ. ಸುಗ್ಗಿ ಮುಗಿದಮೇಲೆ ಮಸ್ಕಿ, ಲಿಂಗಸುಗೂರಿನ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗಂಟು ಕಟ್ಟುವವರ ಪ್ರಯಾಣವನ್ನು ಪ್ರವಾಸ ಎಂದು ಯಾರೂ ಕರೆಯುವುದಿಲ್ಲ. ಆದರೆ ಕಣ್ಣು ತೆರೆಯುವ ಕೆಲಸವನ್ನು ಅದೂ ಮಾಡುತ್ತದೆ. ರಾತ್ರಿ ಬಸ್ಸಿನಲ್ಲಿ ಇಂಥ ಹುಡುಗರ ಮೊಬೈಲ್‌ಗಳನ್ನು ನೋಡಿದ್ದೇನೆ. ಹನ್ನೆರಡನೇ ಮಹಡಿಯಿಂದ ತೆಗೆದ ಬೆಳಗಿನ ಬೆಂಗಳೂರು, ಸಾರುವೆಯ ಕಟ್ಟಿಗೆಗಳ ನಡುವೆ ನಿಂತ ಗೆಳೆಯ, ಸಿಮೆಂಟಿನ ಧೂಳಿನಲ್ಲಿ ಇಳಿದ ಬಿಸಿಲಿನ ಕೋಲು. ಊರಿಗೆ ಮರಳಿದ ಮೇಲೆ ಅದೇ ಹುಡುಗರು ತಮ್ಮ ಗುಡ್ಡವನ್ನು, ತಮ್ಮ ಹಳ್ಳವನ್ನು, ಒಲೆಯ ಮುಂದೆ ರೊಟ್ಟಿ ಬಡಿಯುವ ತಾಯಿಯನ್ನು ತೆಗೆಯತೊಡಗುತ್ತಾರೆ. ಅವರ ಚಿತ್ರಗಳಲ್ಲಿ ಹೊರಗಿನವರ ಚಿತ್ರಗಳಲ್ಲಿ ಇಲ್ಲದ ಸಲಿಗೆಯಿದೆ. ಆ ಹುಡುಗರ ಕೈಗೊಂದು ಒಳ್ಳೆಯ ಕ್ಯಾಮೆರಾ, ಊರಿನಲ್ಲೊಂದು ಪ್ರದರ್ಶನದ ಗೋಡೆ ಸಿಕ್ಕರೆ ಈ ಸೀಮೆಯ ಚಿತ್ರಚರಿತ್ರೆಯನ್ನು ಅವರೇ ಬರೆಯುತ್ತಾರೆ. ತಾಲ್ಲೂಕು ಕೇಂದ್ರವಾದ ಮಸ್ಕಿಯಲ್ಲಿ, ಶಾಸನ ನೋಡಲು ಬರುವವರು ಹೇಗೂ ಬರುವಲ್ಲಿ, ಅಂಥ ಗೋಡೆಯೊಂದನ್ನು ಕಟ್ಟುವುದು ಅಷ್ಟು ಕಷ್ಟದ ಕೆಲಸವೇನಲ್ಲ.

ಲಿಂಗಸುಗೂರಿನ ಆಚೆ

ಲಿಂಗಸುಗೂರು ತಾಲ್ಲೂಕು ಫೋಟೊಗ್ರಾಫರ್‌ಗಳಿಗೆ ಎರಡು ಕೋಟೆ ಕೊಟ್ಟಿದೆ. ಮುದಗಲ್ಲಿನದು ನೀರು ತುಂಬಿದ ಕಂದಕ, ಸುತ್ತು ಗೋಡೆ, ತಿರುವು ದಾರಿಯ ಬಾಗಿಲುಗಳ ಕೋಟೆ. ಯಾದವರು, ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು ಕೈಬದಲಿಸಿಕೊಂಡದ್ದು. ಬೆಳಗ್ಗೆ ಕಂದಕದ ನೀರು ಅಲುಗದೆ ಇರುವಾಗ ಹೋಗುವುದು ಲೇಸು. ಆದರೆ ಮುದಗಲ್ಲಿನ ನಿಜವಾದ ಹೊತ್ತು ಮೊಹರಂನದು. ಅಲಾಯಿ ಕುಣಿಯ ಬೆಂಕಿ, ರಿವಾಯತ್ ಪದ, ಹೆಜ್ಜೆ ಮೇಳ, ಹುಲಿವೇಷ, ಹೂ ಹೊತ್ತು ಸಾಗುವ ಅಲಂಗಳು. ಹಿಂದೂಗಳೂ ಮುಸ್ಲಿಮರೂ ಹರಕೆ ಹೊತ್ತು ಬರುತ್ತಾರೆ. ಸುತ್ತಣ ಜಿಲ್ಲೆಗಳಷ್ಟೇ ಅಲ್ಲ, ನೆರೆ ರಾಜ್ಯಗಳಿಂದಲೂ ಜನ ಸೇರುತ್ತಾರೆ. ಕುಣಿಯ ಬೆಂಕಿಯ ಬೆಳಕು ಕೆಳಗಿನಿಂದ ಮುಖಕ್ಕೆ ಬರುತ್ತದೆ, ಹಗಲಿನ ಬೆಳಕಿಗೆ ಒಗ್ಗಿದ ಕಣ್ಣಿಗೆ ಅದು ಹೊಸದು. ಐಎಸ್‌ಒ ಏರಿಸಿ, ಚಿತ್ರದಲ್ಲಿ ಸ್ವಲ್ಪ ಕಾಳುಕಾಳು ಬಂದರೂ ಪರವಾಗಿಲ್ಲವೆಂದು ಶಟರ್ ವೇಗವನ್ನು ಸೆಕೆಂಡಿನ 125ನೇ ಒಂದು ಭಾಗದ ಕೆಳಗೆ ಇಳಿಯಗೊಡದೆ ಹಿಡಿದರೆ ಹೆಜ್ಜೆ ನಿಲ್ಲುತ್ತದೆ. ಫ್ಲ್ಯಾಶ್ ಅಲ್ಲಂತೂ ಬೇಡವೇ ಬೇಡ. ಅದು ಬೆಂಕಿಯನ್ನು ಕೊಲ್ಲುತ್ತದೆ, ಹರಕೆ ಹೊತ್ತವರ ಕಣ್ಣಿಗೂ ಹಿಂಸೆ.

ಮುದಗಲ್ಲಿಗೆ ಹೋದವರು ಹತ್ತಿರದ ಪಿಕಳಿಹಾಳವನ್ನು ಬಿಟ್ಟು ಬರುತ್ತಾರೆ. ಅಲ್ಲಿಯ ಗುಡ್ಡಗಳಲ್ಲಿ ನವಶಿಲಾಯುಗದ ಜನ ಬಂಡೆಯ ಮೇಲೆ ಕುಟ್ಟಿ, ಬಣ್ಣ ಹಚ್ಚಿ ಬಿಡಿಸಿದ ಉದ್ದ ಕೊಂಬಿನ, ಎತ್ತರದ ಡುಬ್ಬದ ಎತ್ತುಗಳಿವೆ. ಎಫ್.ಆರ್. ಆಲ್ಚಿನ್ 1952ರಲ್ಲಿ ಅಲ್ಲಿ ಉತ್ಖನನ ನಡೆಸಿದರು. ಎರಡು ವರ್ಷಗಳ ಬಳಿಕ, 1954ರಲ್ಲಿ, ಬಿ.ಕೆ. ಥಾಪರ್ ಮಸ್ಕಿಯಲ್ಲಿ ಅಗೆದರು. ಅಂದಿನ ಉತ್ಖನನ ವರದಿಗಳ ಫೋಟೊಗಳನ್ನು ಕಲಿಯುವವರು ಒಮ್ಮೆ ನೋಡಬೇಕು. ಪಕ್ಕದಲ್ಲಿ ಅಳತೆಕೋಲು, ಅಂಚು ಚೊಕ್ಕಟವಾಗಿ ಕೆತ್ತಿದ ಗುಂಡಿ, ನೆರಳು ಅಡ್ಡ ಬರದ ಹೊತ್ತು. ಸುಂದರವಾಗಿರಲಿ ಎಂದು ತೆಗೆದ ಚಿತ್ರಗಳಲ್ಲ ಅವು. ನಿಜ ಹೇಳಲಿ ಎಂದು ತೆಗೆದವು. ಗ್ರೀನ್‌ಲಾ ಚಿತ್ರಗಳಿಗೆ ಗಾಲಿಂಗ್ಸ್ ಮಾಡಿದ ಕೆಲಸವನ್ನು ಈ ಚಿತ್ರಗಳಿಗೆ ಯಾರಾದರೂ ಮಾಡಬಹುದು. ಹಳೆಯ ಚಿತ್ರ ಕೈಯಲ್ಲಿ ಹಿಡಿದು ಮಸ್ಕಿಯ ಗುಡ್ಡದ ಕೆಳಗೆ ಅದೇ ಜಾಗ ಹುಡುಕುವುದು ಕಾಲೇಜು ಹುಡುಗ ಹುಡುಗಿಯರಿಗೆ ಒಂದು ಚಳಿಗಾಲದ ಒಳ್ಳೆಯ ಕೆಲಸ.

ಜಲದುರ್ಗ ಬೇರೆ ಬಗೆಯದು. ಕೃಷ್ಣೆ ಕವಲೊಡೆದು ಸುತ್ತುವರಿದ ಎತ್ತರದ ನೆಲದ ಮೇಲೆ ಕೋಟೆ, ಕೆಳಗೆ ಬಂಡೆಗಳ ನಡುವೆ ನದಿ. ಬೇಸಿಗೆಯಲ್ಲಿ ಬಂಡೆಯೇ ಹೆಚ್ಚು, ನೀರು ಕಡಿಮೆ. ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ನದಿಯ ರೂಪವೇ ಬೇರೆ. ಶೀಲಹಳ್ಳಿಯ ಸೇತುವೆ ಮುಳುಗಿ ದಾರಿ ಕಡಿದುಹೋಗುವುದೂ ಆಗಲೇ. ನೀರಿನ ಅಬ್ಬರ ನೋಡಿ ಬಂಡೆಯ ತುದಿಗೆ ಹೋಗಬೇಡಿ ಎಂದು ಇಲ್ಲಿ ಒತ್ತಿ ಹೇಳಲೇಬೇಕು. ಸೆಲ್ಫಿಗೆಂದು ನದಿ, ಜಲಪಾತಗಳಲ್ಲಿ ಜೀವ ಕಳೆದುಕೊಂಡವರ ಸುದ್ದಿ ನಮ್ಮ ರಾಜ್ಯದಲ್ಲಿ ಪ್ರತಿ ಮಳೆಗಾಲ ಬರುತ್ತದೆ. ಇತ್ತ ಹಟ್ಟಿಯ ಚಿನ್ನದ ಗಣಿಯೊಳಗೆ ಅನುಮತಿ ಇಲ್ಲದೆ ಕ್ಯಾಮೆರಾ ಹೋಗುವಂತಿಲ್ಲ. ಅದರ ಆಸೆ ಬಿಟ್ಟು ಪಾಳಿ ಮುಗಿಸಿ ಹೊರಬರುವ ಕಾರ್ಮಿಕರ ಜೊತೆ ಚಹಾ ಕುಡಿಯುವುದು ಮೇಲು. ಅಲ್ಲಿ ಮಾತು ಸಿಗುತ್ತದೆ, ಮಾತಿನ ಬೆನ್ನಿಗೆ ಕೆಲವೊಮ್ಮೆ ಮುಖವೂ.

ಹೊರಡುವವರಿಗೆ ನಾಲ್ಕು ಮಾತು. 2024ರಲ್ಲಿ ಸಿಂಧನೂರಿಗೆ ರೈಲು ಬಂದಿದೆ. ಅಲ್ಲಿಂದ ಲಿಂಗಸುಗೂರು ಕಡೆಯ ಬಸ್ಸು ಹತ್ತಿದರೆ ನಡುವೆಯೇ ಮಸ್ಕಿ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ನಸುಕಿನಲ್ಲೇ ಗುಡ್ಡ ಹತ್ತಿ, ಮಲ್ಲಿಕಾರ್ಜುನನ ಗುಡಿಯ ಕಡೆಯಿಂದ ಬಯಲಿನ ಮೇಲೆ ಬಿಸಿಲು ಇಳಿಯುವುದನ್ನು ನೋಡಿ, ಇಳಿದು ಬಂದು ಮಂಡಾಳ ಒಗ್ಗರಣಿ, ಮಿರ್ಚಿ ತಿಂದು, ಆಮೇಲೆ ಶಾಸನದ ಕಡೆ ನಡೆಯಿರಿ. ಅದು ಸಂರಕ್ಷಿತ ಸ್ಮಾರಕ. ಟ್ರೈಪಾಡ್ ಬಳಸುವ ಮುಂಚೆ ಅಲ್ಲಿಯ ಸಿಬ್ಬಂದಿಯನ್ನು ಕೇಳಿ. ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ ತಿಕ್ಕುವುದು, ನೀರು ಸುರಿಯುವುದು ಖಂಡಿತ ಕೂಡದು. ಅಶೋಕನ ಕಾಲದಿಂದ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಬಾಳಿದ ಗೀರುಗಳು ಅವು. ಪಿಕಳಿಹಾಳದ ಎತ್ತುಗಳ ವಯಸ್ಸು ಅದಕ್ಕಿಂತ ಹೆಚ್ಚು. ಅವನ್ನು ಕೈಯಿಂದ ಮುಟ್ಟಲೂ ಬೇಡಿ.

ಮತ್ತೆ, ತೆಗೆದ ಚಿತ್ರಗಳನ್ನು ಮೊಬೈಲಿನಲ್ಲೇ ಕೊಳೆಯಲು ಬಿಡಬೇಡಿ. ಒಳ್ಳೆಯವನ್ನು ಆಯ್ದು ಪ್ರಿಂಟ್ ಹಾಕಿಸಿ. ಹಿಂಭಾಗದಲ್ಲಿ ಊರು, ದಿನ, ಚಿತ್ರದಲ್ಲಿರುವವರು ಒಪ್ಪಿದರೆ ಅವರ ಹೆಸರು ಬರೆಯಿರಿ. ಒಂದು ಪ್ರತಿ ನೀವು ಇಟ್ಟುಕೊಳ್ಳಿ, ಇನ್ನೊಂದನ್ನು ಮುಂದಿನ ಸಲ ಮಸ್ಕಿಗೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮನೆಗೇ ಮುಟ್ಟಿಸಿ.